ಕಾಲೂರಬಾರದ ಆಟ

ನನ್ನ ಎಡಗಾಲಿನ ಬೂಟು ಬಲಗಾಲಿನದಕ್ಕಿಂತ ಬೇಗ ಸವೆಯುತ್ತಿದೆ. ಬಾಗಿಲ ಬಳಿ ಜೋಡಿಯಾಗಿ ಬಿಟ್ಟರೆ ಒಂದು ಹಬ್ಬಕ್ಕೆ ಹೊರಟಂತೆಯೂ ಇನ್ನೊಂದು ಗದ್ದೆಯಿಂದ ಬಂದಂತೆಯೂ ಕಾಣುತ್ತವೆ. ಕಸ ಗುಡಿಸುವಾಗ ಅವನ್ನು ಪೊರಕೆಯ ತುದಿಯಿಂದ ಸರಿಸುತ್ತ ನನ್ನ ಹೆಂಡತಿ ಸುಮಾ, "ಒಂದೇ ಕಾಲಲ್ಲಿ ನಡೀತೀರೇನ್ರೀ ನೀವು?" ಎಂದು ಕೇಳಿದ್ದಾಳೆ. ನಡೆಯುವುದು ಎರಡು ಕಾಲಲ್ಲೇ. ಆದರೆ ಭಾನುವಾರ ಬೆಳಿಗ್ಗೆ ಬೈಕಿನ ಮೇಲೆ ನಿಂತು ಬಂಡೆ ಹತ್ತಲು ಹೋಗಿ ಆಯ ತಪ್ಪಿದಾಗಲೆಲ್ಲ ನಾನು ಎಡಗಡೆಗೇ ವಾಲುತ್ತೇನೆ, ಬೀಳುವ ಮುನ್ನ ಎಡಗಾಲನ್ನೇ ನೆಲಕ್ಕೆ ಊರುತ್ತೇನೆ. ಐವತ್ತೆರಡನೆಯ ವಯಸ್ಸಿನಲ್ಲಿ ಮನುಷ್ಯ ಯಾವ ಕಡೆಗೆ ಬೀಳುತ್ತಾನೆಂಬುದು ಅವನಿಗೇ ಗೊತ್ತಾಗದಿದ್ದರೂ ಅವನ ಬೂಟಿಗೆ ಗೊತ್ತಾಗುತ್ತದೆ.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ. ಮನೆ ರಾಗಿಗುಡ್ಡದ ಬುಡದಲ್ಲಿ. ಹೆಸರಿನೊಳಗೇ ಕನ್ನಡವನ್ನು ಇಟ್ಟುಕೊಂಡ ವಸ್ತುವನ್ನು ಮಾರಿ ಬದುಕುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುವುದುಂಟು. ಅವರು ನಗುವುದಿಲ್ಲ, ಗೋಡೆಯ ಹಲಗೆಯಲ್ಲಿರುವ ಕೊನೆಯ ಸಾಲಿನ ಅಕ್ಷರಗಳೊಂದಿಗೆ ಗುದ್ದಾಡುತ್ತಿರುತ್ತಾರೆ. ಸುಮಾರು ಎಂಟು ತಿಂಗಳ ಹಿಂದೆ ಹಾಗೆ ಗುದ್ದಾಡಲು ಬಂದವನು ಸೆಲ್ವರಾಜ. ಭದ್ರಾವತಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡ ನಲವತ್ತು ದಾಟಿದ ಗಟ್ಟಿ ಆಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ತೆಲುಗು ಎಂದು ಅವನೇ ಹೇಳಿಕೊಂಡ. ಲೆನ್ಸು ಬರುವವರೆಗೆ ಕಾಯುತ್ತ ಕುಳಿತವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಆಳೆತ್ತರದ ಬಂಡೆಯ ನೆತ್ತಿಯ ಮೇಲೆ, ಸೀಟು ಕಿತ್ತ ಒಂದು ಹಳೆಯ ಬೈಕು. ಅದರ ಮೇಲೆ ಕೊಕ್ಕರೆಯಂತೆ ನಿಂತಿರುವ ಸೆಲ್ವರಾಜ.

"ಇದು ರೇಸಾ?" ಎಂದೆ.

"ರೇಸ್ ಅಲ್ಲ ಸಾರ್, ಟ್ರಯಲ್ಸ್ ಅಂತಾರೆ. ಸ್ಪೀಡ್ ಏನೂ ಬೇಡ. ಕಲ್ಲು, ಹಳ್ಳ, ಮರದ ದಿಮ್ಮಿ ಎಲ್ಲಾ ಮೆಲ್ಲಗೆ ದಾಟ್ಬೇಕು. ಕಾಲು ಮಾತ್ರ ನೆಲಕ್ಕೆ ಊರಬಾರದು. ಊರಿದ್ರೆ ಪಾಯಿಂಟ್ ಹೋಯ್ತು."

ನೆಲಕ್ಕೆ ಕಾಲೂರಬಾರದು. ಆ ಮಾತು ನನ್ನೊಳಗೆ ಎಲ್ಲಿಗೆ ಹೋಗಿ ನಾಟಿತೆಂಬುದು ಪಾಪ, ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಅಂಗಡಿಯಲ್ಲಿ ನಿಂತು ಹೇಳುವಂಥದ್ದಾಗಿರಲಿಲ್ಲ. "ನನ್ನ ವಯಸ್ಸಿನವರಿಗೆ ಕಲಿಸ್ತೀಯಾ?" ಎಂದು ಕೇಳಿದೆ. ಅವನು ಅಷ್ಟರಲ್ಲಿ ಸಿದ್ಧವಾದ ಹೊಸ ಕನ್ನಡಕದ ಮೂಲಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೀಳಕ್ಕೆ ವಯಸ್ಸು ಇಲ್ಲ ಸಾರ್. ಭಾನುವಾರ ಬನ್ನಿ," ಎಂದ.

ಭದ್ರಾವತಿಯ ಆಚೆ, ಕಲ್ಲು ತೆಗೆಯುವುದನ್ನು ನಿಲ್ಲಿಸಿ ಎಷ್ಟೋ ಕಾಲವಾದ ಒಂದು ಕ್ವಾರಿಯಿದೆ. ಒಡೆದು ಬಿಟ್ಟ ಬಂಡೆಗಳ ಸಂದಿಯಲ್ಲಿ ಲಂಟಾನ ಬೆಳೆದು, ಹಳ್ಳದಲ್ಲಿ ಮಳೆನೀರು ನಿಂತು, ಕುರಿ ಕಾಯುವವರು ಬಿಟ್ಟರೆ ಯಾರೂ ಬಾರದ ಜಾಗ. ಅಲ್ಲಿ ನನ್ನ ವಿದ್ಯಾಭ್ಯಾಸ ಆರಂಭವಾಯಿತು. ಬೈಕು ಓಡಿಸಲು ಹೋದವನಿಗೆ ಸೆಲ್ವರಾಜ ಮೊದಲ ನಾಲ್ಕು ವಾರ ಎಂಜಿನ್ನನ್ನೇ ಶುರು ಮಾಡಗೊಡಲಿಲ್ಲ. ಮುಂದಿನ ಚಕ್ರವನ್ನು ಬಂಡೆಗೆ ಒತ್ತಿ, ಎರಡೂ ಕಾಲನ್ನು ಫುಟ್‌ರೆಸ್ಟಿನ ಮೇಲಿಟ್ಟು, ಮೊಣಕಾಲು ಸಡಿಲಿಸಿ ಸುಮ್ಮನೆ ನಿಲ್ಲಬೇಕು, ಅಷ್ಟೇ. ನಿಲ್ಲುವುದು ಇಷ್ಟು ಕಷ್ಟದ ಕ್ರಿಯೆಯೆಂದು, ಗೆಳೆಯರೇ, ನನಗೆ ತಿಳಿದಿರಲಿಲ್ಲ. ಹುಟ್ಟಿದ ವರ್ಷದೊಳಗೆ ಕಲಿತು ಮುಗಿಸಿದ್ದೇವೆಂದುಕೊಂಡ ವಿದ್ಯೆಯ ಪರೀಕ್ಷೆಗೆ ಅರ್ಧ ಶತಮಾನ ಕಳೆದ ಮೇಲೆ ಮತ್ತೆ ಕೂರುವುದೆಂದರೆ, ಅಂದರೆ ನಿಲ್ಲುವುದೆಂದರೆ, ದೇಹದ ಗರ್ವವೆಲ್ಲ ಮೊದಲ ಐದು ನಿಮಿಷದಲ್ಲೇ ಬೆವರಾಗಿ ಇಳಿದುಹೋಗುತ್ತದೆ. "ಕೂರಕ್ಕೂ ಜಾಗ ಇಲ್ದಿರೋ ಬೈಕಿಗೆ ಭಾನುವಾರ ಹಾಳ್ಮಾಡ್ಕೋತೀರಲ್ಲ," ಎಂದು ಸುಮಾ ಮರುಗಿದಳು.

ಎಂಜಿನ್ ಶುರುವಾದ ಮೇಲೆ ಬೀಳುವ ಪರ್ವವೂ ಶುರುವಾಯಿತು. ಹೆಲ್ಮೆಟ್ಟು, ಮೊಣಕಾಲಿಗೆ ಕಟ್ಟುವ ಕವಚ ಎಲ್ಲ ಇದ್ದರೂ ಒಂದು ಭಾನುವಾರ ಪಕ್ಕೆಗೆ ಹ್ಯಾಂಡಲ್ ಬಡಿದು ಉಸಿರೆಳೆಯುವುದೇ ಕಷ್ಟವಾಯಿತು. ಆ ಸ್ಥಿತಿಯಲ್ಲಿ ಮನೆಗೆ ಹೋದರೆ ಸುಮಾ ಬೂಟನ್ನೇ ಒಲೆಗೆ ಹಾಕಿಯಾಳೆಂದು ಹೆದರಿ, ಹತ್ತಿರದಲ್ಲೇ ಜನ್ನಾಪುರದಲ್ಲಿರುವ ನನ್ನ ಅಕ್ಕನ ಮನೆಗೆ ಹೋದೆ.

ಗಿರಿಜಕ್ಕ ನನಗಿಂತ ಐದು ವರ್ಷ ದೊಡ್ಡವಳು. ಗಂಡ ಕಾರ್ಖಾನೆಯಿಂದ ನಿವೃತ್ತನಾಗಿ ಕೈತೋಟದಲ್ಲಿ ಮುಳುಗಿದ್ದಾನೆ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ನನ್ನ ಅಂಗಿಯ ಕೆಸರು, ಓರೆಯಾದ ನಡಿಗೆ ನೋಡಿ, ಬಾಯಲ್ಲಿದ್ದ ಪಿನ್ನನ್ನು ತೆಗೆದು, "ಎಲ್ಲಿ ಬಿದ್ದೆ?" ಎಂದಳು. ಬಚ್ಚಲಲ್ಲಿ ಜಾರಿದೆ ಎಂದೆ. "ಬಚ್ಚಲಿಗೆ ಹೆಲ್ಮೆಟ್ ಹಾಕ್ಕೊಂಡು ಹೋಗಿದ್ಯಾ?" ಎಂದಳು. ಹೆಲ್ಮೆಟ್ಟು ನನ್ನ ಕಂಕುಳಲ್ಲೇ ಇತ್ತು. ಎಲ್ಲವನ್ನೂ ಹೇಳಬೇಕಾಯಿತು.

ಅವಳು ಬೈಯಲಿಲ್ಲ. ಬಿಸಿನೀರಿನ ಚೀಲ ತಂದುಕೊಟ್ಟು, ಹೊಲಿಗೆಯ ಸ್ಟೂಲಿನ ಮೇಲೆ ಕುಳಿತು, "ಎಷ್ಟು ನಿಧಾನ ಹೋಗ್ಬೇಕು?" ಎಂದು ಕೇಳಿದಳು. ನಡೆಯುವುದಕ್ಕಿಂತ ನಿಧಾನ ಎಂದೆ. "ನಿಧಾನ ಆದ ತಕ್ಷಣ ಬೀಳ್ತೀಯಾ?" ಹೌದೆಂದೆ. "ಬ್ರೇಕ್ ಬಿಟ್ಟು ಓಡಿಸ್ತಿದೀಯ ನೀನು. ಹಿಂದಿನ ಬ್ರೇಕ್ ಅರ್ಧ ಹಿಡ್ಕೊಂಡೇ ತುಳೀಬೇಕು. ತುಳಿಯೋದೂ ತಡೆಯೋದೂ ಎರಡೂ ಒಟ್ಟಿಗೇ ನಡೀಬೇಕು. ಅವೆರಡ್ರ ಜಗಳದಲ್ಲೇ ಸೈಕಲ್ ನಿಂತ್ಕೊಳ್ಳೋದು," ಎಂದಳು. ಹೇಳುತ್ತ ಹೇಳುತ್ತ ಅವಳ ಎರಡು ಕೈಗಳು ಗಾಳಿಯಲ್ಲಿ ಹ್ಯಾಂಡಲ್ ಹಿಡಿದಿದ್ದವು. ಎಡಗೈಯ ಎರಡು ಬೆರಳು, ಅಲ್ಲಿಲ್ಲದ ಬ್ರೇಕನ್ನು ಮೆಲ್ಲಗೆ ಒತ್ತುತ್ತಿದ್ದವು. ಆಮೇಲೆ ಕೈಗಳನ್ನು ನೋಡಿಕೊಂಡು, ಮಡಿಲಲ್ಲಿಟ್ಟುಕೊಂಡಳು.

ಮುಂದಿನ ಭಾನುವಾರ ಹಾಗೆಯೇ ಮಾಡಿದೆ. ಹಿಂದಿನ ಬ್ರೇಕನ್ನು ಅರ್ಧ ಒತ್ತಿ, ಕ್ಲಚ್ಚನ್ನು ಒಂದೇ ಬೆರಳಲ್ಲಿ ಸಡಿಲಿಸುತ್ತ ಹೋದರೆ ಆ ಬೈಕು, ಬಸುರಿ ಹಸುವಿನಂತೆ, ಒಂದೊಂದೇ ಹೆಜ್ಜೆ ತೂಗಿ ತೂಗಿ ಇಟ್ಟಿತು. "ಯಾರ್ ಹೇಳಿಕೊಟ್ರು ಸಾರ್ ಇದು?" ಎಂದು ಸೆಲ್ವರಾಜ ಬೆರಗಾದ. ಅಕ್ಕ ಎಂದೆ. ಹೆಮ್ಮೆಯಿಂದಲೇ ಹೇಳಿದೆ, ಆದರೆ ಆ ಹೆಮ್ಮೆಯ ಅಡಿಯಲ್ಲಿ ಹಳೆಯದೊಂದು ಮುಳ್ಳು ಮುರಿದು ಕೂತಿತ್ತು. ಅದನ್ನು ನಿಮಗೆ ಹೇಳಿಬಿಡುತ್ತೇನೆ.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ. ಸೈರನ್ ಕೂಗಿದರೆ ನಮ್ಮ ಕಾಲೋನಿಯ ರಸ್ತೆ ಸೈಕಲ್ಲುಗಳ ಹೊಳೆಯಾಗುತ್ತಿತ್ತು. ಗಂಟೆಗಳ ಕಿಣಿಕಿಣಿ, ಟಿಫಿನ್ನು ಡಬ್ಬಿಗಳ ಟಣಟಣ, ಬೀಡಿಯ ಹೊಗೆ, ನಾಲ್ಕು ಭಾಷೆಗಳ ಬೈಗುಳ ಎಲ್ಲ ಒಟ್ಟಿಗೆ ಹರಿದುಹೋಗಿ, ಹತ್ತು ನಿಮಿಷದಲ್ಲಿ ರಸ್ತೆ ಬರಿದಾಗಿ, ಹೆಂಗಸರು ಮಕ್ಕಳು ಮಾತ್ರ ಉಳಿಯುತ್ತಿದ್ದೆವು. ರಾತ್ರಿಪಾಳಿಯ ವಾರದಲ್ಲಿ ಅಪ್ಪ ಬೆಳಿಗ್ಗೆ ಬಂದು ಮಲಗಿದರೆ ಏಳುತ್ತಿದ್ದುದು ಮಧ್ಯಾಹ್ನಕ್ಕೆ. ಆ ಹೊತ್ತಿನಲ್ಲಿ, ರಜೆಯ ದಿನ, ಹದಿನೈದು ವರ್ಷದ ಗಿರಿಜಕ್ಕ ಅವನ ಸೈಕಲ್ಲನ್ನು ಸದ್ದಾಗದಂತೆ ಎತ್ತಿಕೊಂಡು ಹೊರಗೆ ಒಯ್ಯುತ್ತಿದ್ದಳು. ಎಲ್ಲ ಹುಡುಗರೂ ಜೋರಾಗಿ ಓಡಿಸುವುದನ್ನು ಕಲಿಯುತ್ತಿದ್ದಾಗ ಅವಳು ನಿಧಾನವಾಗಿ ಓಡಿಸುವುದನ್ನು ಕಲಿತಳು. ಕಾರಣವಿತ್ತು. ಕಾಲೋನಿಯ ಕ್ರೀಡಾಕೂಟದಲ್ಲಿ ಆ ವರ್ಷ ಹುಡುಗಿಯರಿಗೂ ನಿಧಾನ ಸೈಕಲ್ ಸ್ಪರ್ಧೆ ಇಟ್ಟಿದ್ದರು: ಸುಣ್ಣದ ಎರಡು ಗೆರೆಗಳ ನಡುವೆ ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದವಳು ಗೆದ್ದಂತೆ, ಕಾಲೂರಿದವಳು ಸೋತಂತೆ. ಬದುಕಿನಲ್ಲಿ ಹಿಂದುಳಿದವರಿಗೆ ಬಹುಮಾನ ಕೊಡುವ ಆಟ ಅದೊಂದೇ ಇರಬೇಕು.

ಮೊದಲ ಸುತ್ತಿನಲ್ಲಿ ಅವಳು ಗೆದ್ದದ್ದನ್ನು ನಾನು ಕಣ್ಣಾರೆ ಕಂಡೆ. ಉಳಿದ ಹುಡುಗಿಯರೆಲ್ಲ ದಾಟಿಯೋ ಬಿದ್ದೋ ಹೋದ ಮೇಲೂ ಅವಳು ಮೈದಾನದ ನಟ್ಟನಡುವೆ, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ, ದೀಪದ ಕುಡಿಯಂತೆ ಅಲ್ಲಾಡುತ್ತ ನಿಂತಿದ್ದಳು. ಜನ ಕೂಗುವುದನ್ನೇ ಮರೆತರು. ಕೊನೆಯ ಸುತ್ತು ಮುಂದಿನ ಭಾನುವಾರ.

ನಡುವಿನ ವಾರದಲ್ಲಿ ನಾನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿಕೋ ಎಂದು ಗೋಗರೆದೆ. ಭಾರವಿದ್ದರೆ ಅಭ್ಯಾಸ ಕೆಡುತ್ತದೆಂದು ಅವಳು ಕೂರಿಸಿಕೊಳ್ಳಲಿಲ್ಲ. ಅಷ್ಟೇ ಕಾರಣ, ಅದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅಪ್ಪ ಕನ್ನಡಿಯ ಮುಂದೆ ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಪಕ್ಕದಲ್ಲಿ ನಿಂತು ಹೇಳಿದೆ: "ಅಪ್ಪಾ, ನೀನು ಮಲಗಿದಾಗ ಅಕ್ಕ ನಿನ್ ಸೈಕಲ್ ತಗೊಂಡು ಹೋಗ್ತಾಳೆ." ಅಪ್ಪ ಕೂಗಾಡುವ ಮನುಷ್ಯನಲ್ಲ. ಆ ಸೈಕಲ್ಲಿನ ಚಕ್ರ ಬಾಗಿದರೆ ಪಾಳಿ ತಪ್ಪುತ್ತದೆ, ಪಾಳಿ ತಪ್ಪಿದರೆ ಮನೆ ತಪ್ಪುತ್ತದೆ ಎಂಬುದಷ್ಟೇ ಅವನಿಗೆ ಗೊತ್ತಿದ್ದುದು. ಮುಖ ಒರೆಸಿಕೊಂಡು ಹೊರಗೆ ಹೋಗಿ, ಸೈಕಲ್ಲಿಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ನಿದ್ದೆಯಲ್ಲೂ ಅದು ಅಲ್ಲಿಯೇ ಇತ್ತು. ಭಾನುವಾರದ ಕೊನೆಯ ಸುತ್ತಿಗೆ ಅಕ್ಕ ಹೋಗಲಿಲ್ಲ. ಮತ್ತೆಂದೂ ಸೈಕಲ್ ಮುಟ್ಟಲಿಲ್ಲ. ಯಾರು ಹೇಳಿದರೆಂದು ಅವಳು ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೆ ನಲವತ್ತೆರಡು ವರ್ಷ ಕಳೆದವು. ಕಾಲ ಓಡುವುದಕ್ಕೆ ಕಾಲು ಬೇಕಿಲ್ಲ ನೋಡಿ.

ಕಳೆದ ತಿಂಗಳು ಸೆಲ್ವರಾಜ ಕ್ವಾರಿಯಲ್ಲಿ ಒಂದು ಸಣ್ಣ ಸ್ಪರ್ಧೆ ಏರ್ಪಡಿಸಿದ. ಸುತ್ತಮುತ್ತಲ ಊರುಗಳ ಎಂಟು ಸವಾರರು. ಬಂಡೆಗಳ ನಡುವೆ ಬಣ್ಣದ ಪಟ್ಟಿ ಕಟ್ಟಿ ಗುರುತಿಸಿದ ನಾಲ್ಕು ಘಟ್ಟಗಳು. ವಿಷಯ ತಿಳಿದ ಅಕ್ಕ, "ನಾನೂ ನೋಡಕ್ಕೆ ಬರ್ತೀನಿ," ಎಂದಳು. ಬೆಳಿಗ್ಗೆ ಜನ್ನಾಪುರಕ್ಕೆ ಹೋಗಿ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಮಡಿಲಲ್ಲಿ ಚಿತ್ರಾನ್ನದ ಡಬ್ಬಿ, ಒಂದು ಕೈ ನನ್ನ ಹೆಗಲ ಮೇಲೆ. ಮುಖ ನೋಡುತ್ತ ಹೇಳಲಾಗದ್ದನ್ನು ಬೆನ್ನು ಮಾಡಿ ಹೇಳಬಹುದೆಂಬುದು ಆಗ ಹೊಳೆಯಿತು. ರಸ್ತೆಯನ್ನೇ ನೋಡುತ್ತ, "ಅಕ್ಕಾ, ಅವತ್ತು ಸೈಕಲ್ ವಿಷಯ ಅಪ್ಪಂಗೆ ಹೇಳಿದ್ದು ನಾನೇ," ಎಂದೆ.

ಹೆಗಲ ಮೇಲಿನ ಕೈ ಅಲ್ಲಾಡಲಿಲ್ಲ. ಒಂದು ಲಾರಿ ಹಾದುಹೋಯಿತು. "ಮುಂದೆ ನೋಡ್ಕೊಂಡು ಓಡ್ಸು," ಎಂದಳು. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಇನ್ನೊಮ್ಮೆ ಹೇಳುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ಕ್ವಾರಿಯಲ್ಲಿ ಸೆಲ್ವರಾಜ ತಲೆಯ ಮೇಲೆ ಕೈ ಹೊತ್ತಿದ್ದ. ಪ್ರತಿ ಘಟ್ಟಕ್ಕೂ ಒಬ್ಬ ತೀರ್ಪುಗಾರ ಬೇಕು; ಒಬ್ಬ ಕೈಕೊಟ್ಟಿದ್ದಾನೆ. ಅಕ್ಕನನ್ನು ನೋಡಿದ್ದೇ, "ಅಕ್ಕಾ, ಆ ಬ್ರೇಕ್ ವಿದ್ಯೆ ನಿಮ್ದೇ ಅಲ್ವಾ? ಮೂರನೇದಕ್ಕೆ ನೀವೇ ನಿಂತ್ಕೊಳ್ಳಿ," ಎಂದ. ನಿಯಮ ಸರಳ: ಸವಾರ ಒಮ್ಮೆ ಕಾಲೂರಿದರೆ ಒಂದು ಬೆರಳು, ಎರಡು ಸಲಕ್ಕೆ ಎರಡು, ಬಿದ್ದರೆ ಐದೂ ಬೆರಳು, ಕಾಲೂರದೆ ದಾಟಿದರೆ ಮುಷ್ಟಿ ಎತ್ತಬೇಕು. ಅಕ್ಕ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ತಮ್ಮ ಅಂತ ಬಿಡೋಳಲ್ಲ ನಾನು, ಆಮೇಲೆ ಹೇಳ್ಬೇಡಿ," ಎಂದಳು ಎಲ್ಲರಿಗೂ ಕೇಳುವಂತೆ.

ಮೊದಲನೆಯ ಘಟ್ಟದಲ್ಲಿ ಮೂರು ಸಲ ಕಾಲೂರಿದೆ. ಎರಡನೆಯದರಲ್ಲಿ ಹಳ್ಳದೊಳಗೆ ಬಿದ್ದೆ. ಮೂರನೆಯದು ಅಕ್ಕನದು: ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ತಿರುಗಿ, ಮೊಣಕಾಲೆತ್ತರದ ಚಪ್ಪಡಿ ಹತ್ತಿ, ಇಳಿಜಾರಿನಲ್ಲಿ ಇಳಿಯಬೇಕು. ಹಿಂದಿನ ಬ್ರೇಕ್ ಅರ್ಧ ಒತ್ತಿ ಒಳಗೆ ಹೋದೆ. ಬೈಕು ತಿರುಗಿತು. ಎಂಜಿನ್ನಿನ ಸದ್ದು ದೂರವಾದಂತಾಗಿ, ಚಪ್ಪಡಿಯ ಅಂಚಿನ ಬಿಳಿಗೆರೆಯೊಂದೇ ಲೋಕದಲ್ಲಿ ಉಳಿಯಿತು. ಹತ್ತಿದೆ. ಇಳಿಜಾರಿನಲ್ಲಿ ಎಡಕ್ಕೆ ಕೊಂಚ ವಾಲಿದರೂ ಸಾವರಿಸಿಕೊಂಡು ಹೊರಗೆ ಬಂದೆ. ಜನ ಚಪ್ಪಾಳೆ ತಟ್ಟಿದರು. ಏಳು ತಿಂಗಳಲ್ಲಿ ಮೊದಲ ಸಲ ಕಾಲೂರದೆ ದಾಟಿದ್ದೆ. ತಿರುಗಿ ನೋಡಿದರೆ ಅಕ್ಕ ಒಂದು ಬೆರಳು ಎತ್ತಿ ಹಿಡಿದಿದ್ದಾಳೆ.

"ಅಕ್ಕಾ, ತಗುಲಿಲ್ಲ!" ಎಂದು ಕೂಗಿದೆ.

"ತಗುಲ್ತು. ಇಳಿಜಾರಲ್ಲಿ ಎಡಗಾಲಿನ ತುದಿ."

"ಯಾರೂ ನೋಡ್ಲಿಲ್ಲ ಅದನ್ನ."

"ನಾನು ನೋಡ್ದೆ. ನೋಡಿದ್ದನ್ನ ಹೇಳ್ಬೇಕಲ್ವೇನೋ?"

ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬೆಳಿಗ್ಗೆ ನಾನು ಹೇಳಿದ್ದು ಅವಳಿಗೆ ಕೇಳಿಸಿತ್ತೆಂಬುದು ಆಗ ತಿಳಿಯಿತು.

ಎಂಟು ಜನರಲ್ಲಿ ನಾನು ಏಳನೆಯವನಾದೆ. ಎಲ್ಲರೂ ಬೈಕುಗಳನ್ನು ವ್ಯಾನಿಗೆ ಏರಿಸುತ್ತಿದ್ದಾಗ ನಾವಿಬ್ಬರೂ ಬಂಡೆಯ ನೆರಳಲ್ಲಿ ಕುಳಿತು ಚಿತ್ರಾನ್ನ ತಿಂದೆವು. ಡಬ್ಬಿಯ ಮುಚ್ಚಳ ಹಾಕುತ್ತ ಅಕ್ಕ ಹೇಳಿದಳು: "ನಾನು ಕಮಲಿ ಅಂದ್ಕೊಂಡಿದ್ದೆ ಕಣೋ."

ಕಮಲಿ ಯಾರೆಂದು ನೆನಪಾಗಲು ನನಗೆ ಒಂದು ಕ್ಷಣ ಬೇಕಾಯಿತು. ನಮ್ಮ ಪಕ್ಕದ ಕ್ವಾರ್ಟರ್ಸಿನ ಹುಡುಗಿ; ಅಕ್ಕನ ಜೀವದ ಗೆಳತಿ. ಇಬ್ಬರೂ ಒಂದೇ ಪೆನ್ಸಿಲನ್ನು ಮುರಿದು ಹಂಚಿಕೊಂಡವರು. ಆ ವರ್ಷದ ಮೇಲೆ ಅವಳು ನಮ್ಮ ಮನೆಗೆ ಬಂದದ್ದು ನನಗೆ ನೆನಪಿಲ್ಲ. ಏಕೆ ಬರುವುದಿಲ್ಲವೆಂದು ಯೋಚಿಸಿದ್ದೂ ನೆನಪಿಲ್ಲ.

"ಅವಳೂ ಕೊನೇ ಸುತ್ತಿಗೆ ಬಂದಿದ್ಲು. ನಾನಿಲ್ದೆ ಇದ್ರೆ ಗೆಲ್ಲಬಹುದು ಅಂತ ಅವಳೇ ಹೇಳಿರ್ಬೇಕು ಅಂದ್ಕೊಂಡೆ. ಮಾತು ಬಿಟ್ಟೆ. ಕಾರಣನೂ ಹೇಳ್ಲಿಲ್ಲ. ಹೊಳಲೂರಿಗೆ ಮದುವೆ ಆಗಿ ಹೋದ್ಲು, ಹೋಗ್ಲಿಲ್ಲ. ಅವಳ ಗಂಡ ತೀರ್ಕೊಂಡಾಗ ಸುದ್ದಿ ಬಂತು, ಆಗ್ಲೂ ಹೋಗ್ಲಿಲ್ಲ." ಅವಳು ಡಬ್ಬಿಯನ್ನು ಚೀಲದಲ್ಲಿಟ್ಟಳು. "ನೀನು ಚಿಕ್ಕವನು, ಹೇಳ್ದೆ, ಬಿಡು. ಆಮೇಲೆ ದೊಡ್ಡವನಾದ್ಯಲ್ಲೋ. ಒಂದ್ಸಲ ಬಾಯಿ ಬಿಟ್ಟಿದ್ರೆ ಆಗಿತ್ತು."

ಸೈಕಲ್ಲೊಂದನ್ನು ಕಸಿದೆನೆಂದು ಇಷ್ಟು ಕಾಲ ಕೊರಗಿದ್ದೆ; ಕಸಿದದ್ದು ಸೈಕಲ್ಲನ್ನಲ್ಲ. ಮಾಡಿದ ತಪ್ಪಿನ ಅಳತೆ ನಮಗೆ ಗೊತ್ತಿದೆಯೆಂದುಕೊಳ್ಳುವುದೂ ಒಂದು ಬಗೆಯ ಅಹಂಕಾರ. ಕಣ್ಣಿನ ಅಳತೆ ತೆಗೆಯುವವನಿಗೂ ಅದು ದಕ್ಕುವುದಿಲ್ಲ.

"ನಡಿ," ಎಂದಳು ಅಕ್ಕ, ಎದ್ದು ಸೀರೆ ಕೊಡವಿಕೊಳ್ಳುತ್ತ. "ಹೊಳಲೂರಿಗೆ ಬಿಡು ನನ್ನ."

ಶಿವಮೊಗ್ಗ ದಾಟಿ ಹೊಳಲೂರು ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ದಾರಿಯಲ್ಲಿ ಹೊಳೆ ಕಂಡಾಗ ಅವಳು, "ಹೊರಗಿಂದ್ಲೇ ಕಳಿಸಿಬಿಟ್ರೆ?" ಎಂದಳು, ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡಂತೆ. ಊರಿನಲ್ಲಿ ವಿಚಾರಿಸಿ ಮನೆ ಹುಡುಕಿದೆವು. ಅಂಗಳದಲ್ಲಿ ಹರಡಿದ ಮೆಣಸಿನಕಾಯಿಯನ್ನು ಒಬ್ಬ ಹೆಂಗಸು ಮೊರಕ್ಕೆ ಬಾಚಿಕೊಳ್ಳುತ್ತಿದ್ದಳು. ನರೆತ ತಲೆ, ಕುಳಿತಲ್ಲಿಂದಲೇ ಕತ್ತೆತ್ತಿ ನೋಡಿದ ನೋಟ. ಅಕ್ಕ ಗೇಟಿನ ಹೊರಗೇ ನಿಂತಳು.

"ಕಮಲಿ, ನೀನಲ್ಲ ಅಂತ ಇವತ್ತು ಗೊತ್ತಾಯ್ತು ಕಣೇ."

ಆ ಹೆಂಗಸು ಮೊರವನ್ನು ಕೆಳಗಿಟ್ಟಳು. "ಗಿರಿಜಾ?" ಎಂದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಎದ್ದು, "ಏನೇ ನಾನಲ್ಲ?" ಎಂದಳು.

ಅಕ್ಕ ಎಲ್ಲವನ್ನೂ ಗೇಟಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು; ಬೀಗ, ಕೀಲಿ, ಅಪ್ಪ, ನಾನು. ಕಮಲಿ ನಡುವೆ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ, "ನಾನೇನ್ ಅಂದ್ಕೊಂಡಿದ್ದೆ ಗೊತ್ತಾ? ನೀನಿಲ್ದೆ ಇರೋವಾಗ ನಾನು ಆ ಆಟಕ್ಕೆ ಹೋದೆ ಅಂತ ನಿಂಗೆ ಸಿಟ್ಟು ಅಂದ್ಕೊಂಡಿದ್ದೆ. ನಂಗೂ ಹೋಗ್ಬಾರ್ದಿತ್ತು ಅನ್ನಿಸ್ತಿತ್ತು. ಅದಕ್ಕೇ ನಾನೂ ಕೇಳಕ್ಕೆ ಬರ್ಲಿಲ್ಲ," ಎಂದಳು. ಆಮೇಲೆ, "ಗೆಲ್ಲಲೂ ಇಲ್ಲ ಮಾರಾಯ್ತಿ. ಎರಡೇ ಮಾರು ಹೋಗಿ ಕಾಲೂರಿಬಿಟ್ಟೆ. ನೀನು ಪಕ್ಕದಲ್ಲಿ ಇಲ್ವಲ್ಲ, ಎಷ್ಟು ನಿಧಾನ ಹೋಗ್ಬೇಕು ಅಂತಾನೇ ಗೊತ್ತಾಗ್ಲಿಲ್ಲ."

ಆಮೇಲೆ ಕಮಲಿಯೇ ಬಂದು ಗೇಟಿನ ಅಗುಳಿ ಸರಿಸಿ, ಅಕ್ಕನ ಮುಂಗೈ ಹಿಡಿದು ಒಳಗೆ ಎಳೆದುಕೊಂಡಳು. ಜಗಲಿಯ ಮೆಟ್ಟಿಲು ಹತ್ತುವಾಗ ಅವಳಿಗೆ ಸ್ಕೂಟರಿನ ಪಕ್ಕದಲ್ಲಿದ್ದ ನಾನು ಕಂಡೆ.

"ಇವನೇನೇ ನಿನ್ ತಮ್ಮ? ಒಳಗೆ ಕರಿ, ಕಾಫಿ ಕುಡೀಲಿ."

ಅಕ್ಕ ತಿರುಗಿ ನನ್ನನ್ನು ನೋಡಿದಳು. ಬೆಳಗಿನಿಂದ ಮೊದಲ ಸಲ ಅವಳ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು.

"ಕರೆಯೋಣ," ಎಂದಳು. "ಸ್ವಲ್ಪ ಹೊತ್ತು ಹೊರಗೇ ನಿಂತಿರ್ಲಿ."